ಹಳೇ ಜಪಾನಿ ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜಿಗೆ ಸ್ಯಾಡಲ್, ಸ್ಕ್ರೂ ಎಲ್ಲಿ ಸಿಗುತ್ತದೆ?

ಕರಿಮೆಣಸು (ವಿರಾಜಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವನ ಹತ್ತಿರ ಒಂದು ಹಳೇ ಎಲೆಕ್ಟ್ರಿಕ್ ಗಿಟಾರ್ ಇದೆ. 70ರ ದಶಕದಲ್ಲಿ ಬೆಂಗಳೂರಿನಲ್ಲಿ ಓದುವಾಗ ಯಾರಿಂದಲೋ ಕೊಂಡದ್ದಂತೆ. ಲೆಸ್ ಪಾಲ್ (ಅಮೆರಿಕದ ಗಿಬ್ಸನ್ ಕಂಪನಿಯ ಮಾದರಿ) ಆಕಾರ. ತಲೆಯ ಮೇಲಿದ್ದ ಹೆಸರು ಅಳಿಸಿಹೋಗಿದೆ. ಹಿಂಬದಿಯಲ್ಲಿ ನೆಕ್ ಕೂಡುವ ಜಾಗದಲ್ಲಿ ನಾಲ್ಕು ಸ್ಕ್ರೂ ಹಾಕಿದ ತಗಡಿದೆ. ಅದರ ಮೇಲೆ ‘ಮೇಡ್ ಇನ್ ಜಪಾನ್’ ಎಂದಿದೆ, ಬೇರೇನೂ ಇಲ್ಲ.

ತೊಂದರೆ ಬ್ರಿಡ್ಜಿನದ್ದು, ಅಂದರೆ ಬಾಡಿಯ ಮೇಲೆ ತಂತಿಗಳನ್ನು ಹೊತ್ತಿರುವ ಭಾಗದ್ದು. ಜಿ ತಂತಿಯ (ಮೂರನೆಯದು) ಸ್ಯಾಡಲ್, ಅಂದರೆ ತಂತಿ ಕೂರುವ ಪುಟ್ಟ ತುಂಡು, ಮತ್ತು ಅದರ ಸ್ಕ್ರೂ ಎರಡೂ ಕಳೆದುಹೋಗಿವೆ. ಡಿ ತಂತಿಯ ಸ್ಕ್ರೂ ತುಕ್ಕು ಹಿಡಿದು ಅಲುಗಾಡುವುದೇ ಇಲ್ಲ. ಬ್ರಿಡ್ಜನ್ನು ಎತ್ತರ ಮಾಡುವ ಚಕ್ರದಲ್ಲಿ ಒಂದು ತಿರುಗುತ್ತದೆ, ಇನ್ನೊಂದು ತಿರುಗುವುದಿಲ್ಲ. ಜೊತೆಗೆ ಇಡೀ ಬ್ರಿಡ್ಜ್ ಮಧ್ಯದಲ್ಲಿ ಸ್ವಲ್ಪ ಕುಸಿದ ಹಾಗೆ ಕಾಣುತ್ತದೆ. ಮೈಸೂರಿನ ಒಂದು ಅಂಗಡಿಯಲ್ಲಿ ತೋರಿಸಿದೆವು. ‘ಈ ಭಾಗ ಎಲ್ಲೂ ಸಿಗಲ್ಲ, ಹೊಸ ಬ್ರಿಡ್ಜ್ ಹಾಕೋಣ, ಗಿಟಾರಿನ ಬಾಡಿಯಲ್ಲಿ ಹೊಸ ತೂತು ಕೊರೆಯಬೇಕು’ ಎಂದರು. ಮಾವ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದುಬಿಟ್ಟರು.

ಪುತ್ತರಿ ಹಬ್ಬಕ್ಕೆ ಮನೆಯವರೆಲ್ಲ ಸೇರುತ್ತಾರೆ. ಅಷ್ಟರಲ್ಲಿ ನುಡಿಸುವ ಹಾಗಾದರೆ ಸಾಕು. ಕೊಡಗಿನಲ್ಲೇ ಕೂತು ಇದನ್ನು ಸರಿ ಮಾಡಿಸುವ ದಾರಿ ಇದೆಯೇ?

ಹಳೇಬ್ಯಾಂಡ್

ಮಾವ ಎದ್ದು ಬಂದದ್ದು ಸರಿಯಾಯಿತು. ತೂತು ಕೊರೆಯುವ ಮಾತು ಕೊನೆಗೆ ಇರಲಿ.

ಮೊದಲು ಹೆಸರಿನ ವಿಷಯ ಬಿಡಿ. ಆ ಕಾಲದ ಜಪಾನಿ ಗಿಟಾರುಗಳ ಮೇಲಿನ ಹೆಸರು ನೋಡಿ ಭಾಗ ಹುಡುಕಲು ಆಗುವುದಿಲ್ಲ. ಒಂದೇ ಫ್ಯಾಕ್ಟರಿಯಲ್ಲಿ ತಯಾರಾದದ್ದು ಹತ್ತಾರು ಹೆಸರಲ್ಲಿ ದೇಶದೇಶಕ್ಕೆ ಹೋಗುತ್ತಿತ್ತು. ನಾಗಾನೋ ಪ್ರಾಂತ್ಯದ ಮಾತ್ಸುಮೋಟೋ ಊರಲ್ಲೇ ಮಾತ್ಸುಮೋಕು ಇತ್ತು, 1960ರಲ್ಲಿ ಶುರುವಾದ ಫುಜಿಗೆನ್ ಕೂಡ ಅಲ್ಲಿಯದೇ. ಆರಿಯಾ, ಐಬನೆಜ್, ಗ್ರೆಕೋ ಎಲ್ಲ ಈ ಬಳಗದಿಂದ ಬಂದ ಹೆಸರುಗಳು. ಅಮೆರಿಕದ ಗಿಟಾರನ್ನು ಎಷ್ಟು ಚೆನ್ನಾಗಿ ನಕಲು ಮಾಡಿದರೆಂದರೆ 1977ರಲ್ಲಿ ಗಿಬ್ಸನ್‌ನ ಮಾಲೀಕ ಕಂಪನಿ ನಾರ್ಲಿನ್, ಐಬನೆಜ್ ಮಾರುತ್ತಿದ್ದ ಎಲ್ಗರ್ ಮೇಲೆ ಕೇಸು ಹಾಕಿತು. ಅದೂ ಗಿಟಾರಿನ ತಲೆಯ ಆಕಾರಕ್ಕಾಗಿ! ಈಗ ‘ಲಾಸೂಟ್ ಗಿಟಾರ್’ ಎಂದು ಹೇಳಿ ಮಾರುವವರು ಈ ಒಂದು ಕೇಸಿನ ಹೆಸರಲ್ಲಿ ಆ ದಶಕದ ಎಲ್ಲ ಜಪಾನಿ ಗಿಟಾರಿಗೂ ಬೆಲೆ ಏರಿಸುತ್ತಾರೆ. ಅದು ಬೇರೆ ಕಥೆ.

ನಿಮ್ಮ ಬ್ರಿಡ್ಜ್ ಟ್ಯೂನ್-ಓ-ಮ್ಯಾಟಿಕ್ ಜಾತಿಯದು. ಗಿಬ್ಸನ್‌ನಲ್ಲಿ ಟೆಡ್ ಮೆಕಾರ್ಟಿ ಕಾಲದಲ್ಲಿ ಬಂದದ್ದು, 1954ರ ಲೆಸ್ ಪಾಲ್ ಕಸ್ಟಮ್‌ನಲ್ಲಿ ಹಾಕಿದರು. ಎರಡು ಪೋಸ್ಟ್, ಅವುಗಳ ಮೇಲೆ ಕೂತ ಒಂದು ಚೌಕಟ್ಟು, ಒಳಗೆ ಆರು ಸ್ಯಾಡಲ್. ಮೂಲ ಸರಳ, ಆದರೆ ಅಳತೆಗಳು ಹತ್ತು ತರಹ. ಫೋಟೋ ಹಾಕಿ, ಅಳತೆ ಹಾಕಿ. ಅಳತೆ ಇಲ್ಲದೆ ಭಾಗ ಹುಡುಕಬೇಡಿ.

ಮಂಜುಬೆಟ್ಟ (ಮಡಿಕೇರಿ)

ಇಷ್ಟೆಲ್ಲ ಯಾಕೆ ಮಾರಾಯ್ರೆ. ಆನ್‌ಲೈನಲ್ಲಿ ಟ್ಯೂನ್-ಓ-ಮ್ಯಾಟಿಕ್ ಅಂತ ಹುಡುಕಿದರೆ ಅಗ್ಗಕ್ಕೆ ಪೂರ್ತಿ ಬ್ರಿಡ್ಜೇ ಬರುತ್ತದೆ. ಪೋಸ್ಟ್ ಸಮೇತ. ಹಾಕಿ, ನುಡಿಸಿ.

ಹಳೇಬ್ಯಾಂಡ್

@ಮಂಜುಬೆಟ್ಟ ಬರುತ್ತದೆ ತಮ್ಮಾ, ಕೂರುವುದಿಲ್ಲ. ಅಗ್ಗದ ಬ್ರಿಡ್ಜುಗಳಲ್ಲಿ ಜಾಸ್ತಿ ಸಿಗುವುದು ನ್ಯಾಶ್‌ವಿಲ್ ಮಾದರಿ. ಅದಕ್ಕೆ ಬಾಡಿಯೊಳಗೆ ದಪ್ಪ ಬುಶ್ (ಪೋಸ್ಟ್ ಹಿಡಿಯುವ ಲೋಹದ ಕೊಳವೆ) ಕೂರಿಸಬೇಕು. ಗಿಬ್ಸನ್ ಕೂಡ ಅದನ್ನು ತಂದದ್ದು 70ರ ದಶಕದಲ್ಲಿ. ಅದಕ್ಕೂ ಹಿಂದಿನ ಟ್ಯೂನ್-ಓ-ಮ್ಯಾಟಿಕ್ ಆದ ಎಬಿಆರ್-1ರಲ್ಲಿ ತೆಳ್ಳಗಿನ ಪೋಸ್ಟ್ ನೇರ ಮರಕ್ಕೇ ಇಳಿಯುತ್ತದೆ. ಈ ಅಕ್ಕನ ಗಿಟಾರಲ್ಲಿ ಯಾವುದಿದೆ ಎಂದು ಗೊತ್ತಾಗುವ ಮೊದಲೇ ತರಿಸಿದರೆ ಮೈಸೂರಿನವರು ಹೇಳಿದ ಡ್ರಿಲ್ಲಿಗೇ ವಾಪಸ್ ಬರುತ್ತೀರಿ.

ಕೂಡ್ಲೂರು_ಲೇತ್

ಅಳತೆ ತೆಗೆಯುವ ಬಗ್ಗೆ ಹೇಳುತ್ತೇನೆ. ನಾನು ಗಿಟಾರ್ ನುಡಿಸುವವನಲ್ಲ, ಲೇತ್ ಕೆಲಸದವನು. ಕಾಫಿ ಪಲ್ಪರಿನ ಶಾಫ್ಟು, ಪಂಪಿನ ಬುಶ್ಶು, ಇಂಥದ್ದೇ ದಿನಾ. ಆದರೆ ಚರ್ಚ್ ಗಾಯಕವೃಂದದ ಹುಡುಗರು ಆಗಾಗ ಗಿಟಾರಿನ ಸ್ಕ್ರೂ ತರುತ್ತಾರೆ.

ವರ್ನಿಯರ್ ಕ್ಯಾಲಿಪರ್ ಬೇಕು. ಇಲ್ಲದಿದ್ದರೆ ಯಾವುದಾದರೂ ವರ್ಕ್‌ಶಾಪಿನವರ ಹತ್ತಿರ ಕೇಳಿ. ತಂತಿಗಳನ್ನು ಸಡಿಲ ಮಾಡಿ ಬ್ರಿಡ್ಜನ್ನು ಮೇಲೆತ್ತಿ. ಎರಡು ಪೋಸ್ಟುಗಳ ನಡುವಿನ ಅಂತರ ಬೇಕು. ಅದನ್ನು ಒಂದು ಪೋಸ್ಟಿನ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳೆಯಿರಿ. ಆಗ ನಡುವಿನಿಂದ ನಡುವಿಗೆ ಎಷ್ಟೋ ಅಷ್ಟೇ ಬರುತ್ತದೆ, ಕಣ್ಣಂದಾಜು ಬೇಡ. ಪೋಸ್ಟಿನ ದಪ್ಪ ಬೇಕು. ಎರಡು ಅಂಚಿನ ಇ ತಂತಿಗಳ ಕಚ್ಚುಗಳ ನಡುವಿನ ಅಂತರ ಬೇಕು. ಸ್ಯಾಡಲಿನ ಅಗಲ, ಉದ್ದ, ಎತ್ತರ ಬೇಕು. ಬ್ರಿಡ್ಜಿನ ತಳದಲ್ಲಿ ಪೋಸ್ಟ್ ಕೂರುವ ತೂತಿನ ಅಗಲವನ್ನೂ ಬರೆದಿಡಿ. ಹೊಸದು ತರಿಸುವಾಗ ಎಲ್ಲರೂ ಮರೆಯುವುದು ಅದನ್ನೇ.

ಥ್ರೆಡ್ ವಿಷಯ ಸ್ವಲ್ಪ ಕಿರಿಕಿರಿ. ಜಪಾನಿನದು ಮೆಟ್ರಿಕ್ ಇರುತ್ತದೆ, ಅಮೆರಿಕದ್ದು ಇಂಚು ಲೆಕ್ಕದ್ದು. ಎಂ4 ಎಂದರೆ 4 ಮಿ.ಮೀ. ದಪ್ಪ, ಒಂದು ಸುತ್ತಿಗೆ 0.7 ಮಿ.ಮೀ. ಇಳಿಯುತ್ತದೆ. ಗಿಬ್ಸನ್ ಪೋಸ್ಟು 6-32. ಅದು 3.5 ಮಿ.ಮೀ. ದಪ್ಪ, ಇಂಚಿಗೆ 32 ಸುತ್ತು, ಅಂದರೆ ಸುತ್ತಿಗೆ 0.79 ಮಿ.ಮೀ. ಕಣ್ಣಿಗೆ ಎರಡೂ ಒಂದೇ ತರಹ. ಬಲವಂತ ಮಾಡಿ ತಿರುಗಿಸಿದರೆ ಎರಡೂ ಹಾಳು.

ಬಸ್‌ಸ್ಟ್ಯಾಂಡ್_ಕಂಪ್ಯೂಟರ್ (ಗೋಣಿಕೊಪ್ಪ)

ಲೇತ್ ಅಣ್ಣ ಹೇಳಿದ್ದಕ್ಕೆ ಒಂದು ಸುಲಭದ ದಾರಿ. 6-32 ಸ್ಕ್ರೂ ಹುಡುಕಿಕೊಂಡು ಎಲ್ಲಿಗೂ ಹೋಗಬೇಡಿ. ಹಳೇ ಡೆಸ್ಕ್‌ಟಾಪ್ ಕಂಪ್ಯೂಟರಿನ ದೊಡ್ಡ ಹಾರ್ಡ್‌ಡಿಸ್ಕನ್ನು ಕ್ಯಾಬಿನೆಟ್ಟಿಗೆ ಹಿಡಿದಿರುವ ಸ್ಕ್ರೂ ಅದೇ 6-32. ಸಿಡಿ ಡ್ರೈವಿನದು ಎಂ3. ಮಾನಿಟರಿನ ನೀಲಿ ವಿಜಿಎ ಕೇಬಲ್ಲಿಗೆ ಎರಡು ಕಡೆ ಇರುವ ಉದ್ದ ಸ್ಕ್ರೂ 4-40, ಫೆಂಡರ್ ಗಿಟಾರಿನ ಸ್ಯಾಡಲ್ ಎತ್ತರ ಮಾಡುವ ಪುಟ್ಟ ಸ್ಕ್ರೂಗಳ ಥ್ರೆಡ್ಡೂ ಅದೇ. ನಮ್ಮಂಥ ರಿಪೇರಿ ಅಂಗಡಿಯಲ್ಲಿ ಇವು ಡಬ್ಬಿಗಟ್ಟಲೆ ಬಿದ್ದಿರುತ್ತವೆ, ಕೇಳಿದರೆ ಸುಮ್ನೆ ಕೊಡುತ್ತೇವೆ.

ತಿರುಗುವ ಚಕ್ರವನ್ನು ಬಿಚ್ಚಿ ಅದರೊಳಗೆ ಹಾರ್ಡ್‌ಡಿಸ್ಕ್ ಸ್ಕ್ರೂ ಹಾಕಿ ನೋಡಿ. ಬೆರಳಲ್ಲೇ ಸಲೀಸಾಗಿ ಹೋಗಿ ಅಲ್ಲಾಡದೆ ನಿಂತರೆ ಇಂಚಿನ ಲೆಕ್ಕದ್ದು. ಸಡಿಲವಾಗಿ ಲೊಟಲೊಟ ಅಂದರೆ ಹಾರ್ಡ್‌ವೇರ್ ಅಂಗಡಿಯ ಎಂ4 ಬೋಲ್ಟ್ ಹಾಕಿ ನೋಡಿ.

ಕೂಡ್ಲೂರು_ಲೇತ್

ಒಳ್ಳೇ ಉಪಾಯ. ಇನ್ನೊಂದು: ಎರಡು ಸ್ಕ್ರೂಗಳನ್ನು ಪಕ್ಕಪಕ್ಕ ಒತ್ತಿ ಬೆಳಕಿಗೆ ಹಿಡಿಯಿರಿ. ಹಲ್ಲುಗಳು ಉದ್ದಕ್ಕೂ ಒಂದರೊಳಗೊಂದು ಕೂತು ನಡುವೆ ಬೆಳಕು ಕಾಣದಿದ್ದರೆ ಸುತ್ತಿನ ಲೆಕ್ಕ ಒಂದೇ.

ಕರಿಮೆಣಸು

ತುಂಬಾ ಧನ್ಯವಾದ. ಪಲ್ಪರ್ ರಿಪೇರಿಗೆ ಬಂದಿದ್ದವರ ಹತ್ತಿರ ಕ್ಯಾಲಿಪರ್ ಇತ್ತು, ಅವರಿಂದಲೇ ಅಳೆಸಿದೆ. ಪೋಸ್ಟುಗಳ ನಡುವೆ 74 ಮಿ.ಮೀ. ಪೋಸ್ಟ್ ದಪ್ಪ 4ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಇ-ಯಿಂದ ಇ-ಗೆ 51. ಹಾರ್ಡ್‌ಡಿಸ್ಕ್ ಸ್ಕ್ರೂ ಲೊಟಲೊಟ ಅಂದಿತು, ಎಂ4 ಬೋಲ್ಟ್ ಸರಿಯಾಗಿ ಹೋಯಿತು. ಪೋಸ್ಟ್ ನೇರ ಮರಕ್ಕೇ ಇಳಿದಿದೆ, ಬುಶ್ ಏನೂ ಇಲ್ಲ. ಸ್ಯಾಡಲುಗಳು ಬೀಳದ ಹಾಗೆ ಹಿಡಿಯುವ ತಂತಿ ಎಂದು ಎಲ್ಲೋ ಓದಿದೆ, ನಮ್ಮದರಲ್ಲಿ ಅಂಥದ್ದು ಕಾಣುವುದಿಲ್ಲ.

ಮಾವ ಕೇಳುತ್ತಿದ್ದಾರೆ: ಬಾಡಿಯ ಮೇಲ್ಭಾಗವನ್ನು ಬೆರಳಲ್ಲಿ ತಟ್ಟಿದರೆ ಬ್ರಿಡ್ಜಿನ ಹತ್ತಿರ ಡೊಳ್ಳು ಸದ್ದು ಬರುತ್ತದಂತೆ. ಮೊದಲಿನಿಂದಲೂ ಹಾಗೇ ಇತ್ತಂತೆ. ಅದೂ ಏನಾದರೂ ದೋಷವೇ?

ಹಳೇಬ್ಯಾಂಡ್

ದೋಷ ಅಲ್ಲ, ಕಟ್ಟಿದ್ದೇ ಹಾಗೆ. ಆ ಕಾಲದ ಬೋಲ್ಟ್-ಆನ್ (ನೆಕ್ಕನ್ನು ಸ್ಕ್ರೂ ಹಾಕಿ ಕೂಡಿಸಿದ) ಲೆಸ್ ಪಾಲ್ ನಕಲುಗಳಲ್ಲಿ ಎಷ್ಟೋ ಗಿಟಾರಿಗೆ ಮೇಲ್ಭಾಗ ಪ್ಲೈವುಡ್ಡನ್ನು ಒತ್ತಿ ಉಬ್ಬಿಸಿದ್ದು. ಅದರ ಕೆಳಗೆ ಟೊಳ್ಳು ಇರುತ್ತದೆ. ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಬಿಚ್ಚಿ ಗುಂಡಿಯ ಅಂಚಿಗೆ ಟಾರ್ಚ್ ಬಿಟ್ಟರೆ ಪದರಗಳೂ ಕಾಣುತ್ತವೆ, ಟೊಳ್ಳೂ ಕಾಣುತ್ತದೆ.

ಈಗ ಗೊತ್ತಾಯಿತಲ್ಲ, ಡ್ರಿಲ್ ಬೇಡ ಎಂದದ್ದು ಯಾಕೆಂದು. ನ್ಯಾಶ್‌ವಿಲ್ ಬುಶ್ಶಿಗೆ ಬೆರಳು ದಪ್ಪದ ತೂತು ಬೇಕು. ಅದು ಗಟ್ಟಿ ಮರದಲ್ಲಿ ಬಿಗಿಯಾಗಿ ಕೂರಬೇಕು. ತೆಳು ಪ್ಲೈವುಡ್ಡಿನಲ್ಲಿ ಕೊರೆದು ಕೂರಿಸಿದರೆ, ತಂತಿ ಬಿಗಿದಾಗ ಬುಶ್ ಮುಂದಕ್ಕೆ ವಾಲುತ್ತದೆ. 10-46 ಸೆಟ್ಟಿನ (ತೆಳು ತಂತಿ 0.010 ಇಂಚು, ದಪ್ಪದ್ದು 0.046) ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ. ಅದರಲ್ಲಿ ಒಂದು ಪಾಲು ಬ್ರಿಡ್ಜನ್ನು ಕೆಳಗೆ ಒತ್ತುತ್ತಿರುತ್ತದೆ. ನಿಮ್ಮ ಬ್ರಿಡ್ಜ್ ಕುಸಿದದ್ದೂ ಅದರಿಂದಲೇ.

ಸ್ಯಾಡಲ್ ಹಿಡಿಯುವ ತಂತಿ ಬಹಳ ಹಳೆಯ ಎಬಿಆರ್-1ರಲ್ಲೂ ಇರಲಿಲ್ಲ. ಗಿಬ್ಸನ್ ಅದನ್ನು ಸೇರಿಸಿದ್ದು 60ರ ದಶಕದ ಆರಂಭದಲ್ಲಿ. ತಂತಿ ಇಲ್ಲದ ಬ್ರಿಡ್ಜಿನಲ್ಲಿ ನುಡಿಸುವಾಗ ಸ್ಟ್ರಿಂಗ್ ಕಡಿದರೆ ಸ್ಯಾಡಲ್ ಹಾರಿ ಎಲ್ಲೋ ಬೀಳುತ್ತದೆ. ನಿಮ್ಮ ಜಿ ಸ್ಯಾಡಲ್ ಯಾವುದೋ ಮದುವೆ ಮನೆಯ ಸ್ಟೇಜಿನ ಕೆಳಗೆ ಇರಬೇಕು.

ಕರಿಮೆಣಸು

ಮಾವ ನಕ್ಕರು. ಸೋಮವಾರಪೇಟೆಯಲ್ಲಿ ಒಂದು ಮದುವೆ, ಸರಿಯಾಗಿ ಹೇಳಿದಿರಿ ಅಂದರು.

ಮಂಜುಬೆಟ್ಟ

ಹಾಗಾದರೆ ಎಂ4 ಪೋಸ್ಟಿನ, 74 ಅಂತರದ ಹೊಸ ಬ್ರಿಡ್ಜ್ ತರಿಸಬಹುದಲ್ವಾ? ಅದಕ್ಕೆ ಡ್ರಿಲ್ ಬೇಡವಲ್ಲ.

ತಂತಿಪೆಟ್ಟಿಗೆ (ಕುಶಾಲನಗರ)

ತರಿಸಬಹುದು, ಅದೇ ನನ್ನ ಮೊದಲ ಆಯ್ಕೆ ಕೂಡ. ಜಪಾನಿನ ಗೋಟೋ ಕಂಪನಿ ಎಬಿಆರ್ ತರಹದ್ದನ್ನು ಜಿಇ104ಬಿ ಎಂದು ಮಾಡುತ್ತದೆ, ಅದಕ್ಕೆ ತೆಳ್ಳನೆ ಪೋಸ್ಟ್. ದಪ್ಪ ಬುಶ್ಶಿನದು ಜಿಇ103ಬಿ. ಹೆಸರಲ್ಲಿ ಒಂದೇ ಅಂಕಿ ವ್ಯತ್ಯಾಸ, ಆರ್ಡರ್ ಮಾಡುವಾಗ ಹುಷಾರು. ಗೋಟೋದವರು ಪ್ರತಿ ಮಾದರಿಗೂ ಅಳತೆಯ ನಕ್ಷೆ ಕೊಡುತ್ತಾರೆ. ಅದನ್ನು ನಿಮ್ಮ ಚೀಟಿಯ ಪಕ್ಕ ಇಟ್ಟು ಒಂದೊಂದೇ ಅಂಕಿ ತಾಳೆ ನೋಡಿ. ಜರ್ಮನಿಯ ಫೇಬರ್ ಕೂಡ ಇಂಥ ಹಳೇ ಅಳತೆಯ ಬ್ರಿಡ್ಜುಗಳನ್ನೇ ಮಾಡುತ್ತದೆ, ಬೆಲೆ ಜಾಸ್ತಿ.

ಹಳೆಯದೇ ಬೇಕೆಂದರೆ ರಿವರ್ಬ್, ಇಬೇ, ಜಪಾನಿನ ಯಾಹೂ ಹರಾಜು. ಯಾಹೂ ಹರಾಜಿನವರು ನೇರ ನಮಗೆ ಕಳಿಸುವುದಿಲ್ಲ, ನಡುವೆ ಕೊಂಡು ಕಳಿಸುವ ಏಜೆಂಟ್ ಬೇಕು. ಅವರ ಕಮಿಷನ್, ಸಾಗಣೆ, ಇಲ್ಲಿಯ ಕಸ್ಟಮ್ಸ್ ಡ್ಯೂಟಿ, ಜಿಎಸ್‌ಟಿ ಎಲ್ಲ ಸೇರಿದರೆ ಭಾಗದ ಬೆಲೆಗಿಂತ ದಾರಿಯ ಖರ್ಚೇ ಹೆಚ್ಚಾಗುತ್ತದೆ. ಒಂದು ಸ್ಯಾಡಲ್‌ಗಾಗಿ ಹಾಗೆ ಮಾಡಬೇಡಿ. ಮಾರುವವರು ಅಳತೆ ಹಾಕಿರದಿದ್ದರೆ ಕ್ಯಾಲಿಪರ್ ಇಟ್ಟ ಫೋಟೋ ಕೇಳಿ. ಕೊಡಲ್ಲ ಅಂದರೆ ಬಿಡಿ. ‘70ರ ದಶಕದ ಜಪಾನಿ ಬ್ರಿಡ್ಜ್, ಎಲ್ಲದಕ್ಕೂ ಹೊಂದುತ್ತದೆ’ ಎಂದು ಬರೆದವರ ಹತ್ತಿರ ನಾನಂತೂ ಏನೂ ಕೊಳ್ಳುವುದಿಲ್ಲ.

ಬೆಂಗಳೂರಿನ ಅಂಗಡಿಯಲ್ಲಿ ಸಿಕ್ಕಿದರೆ ಕೆಎಸ್‌ಆರ್‌ಟಿಸಿ ಬಸ್ ಪಾರ್ಸೆಲ್ಲಿನಲ್ಲಿ ಹಾಕಿಸಿ. ರೈಲೇ ಇಲ್ಲದ ಜಿಲ್ಲೆ ನಮ್ಮದು, ಬಸ್ಸೇ ಗತಿ.

ಕೂಡ್ಲೂರು_ಲೇತ್

ಒಂದು ಸ್ಯಾಡಲ್ ಇಲ್ಲ ಅಂತ ಇಡೀ ಬ್ರಿಡ್ಜ್ ಬದಲಾಯಿಸುವುದೇಕೆ? ಸ್ಯಾಡಲ್ ಎಂದರೆ ಒಂದು ಚೂರು ಹಿತ್ತಾಳೆ, ಅಡ್ಡಕ್ಕೆ ಒಂದು ಥ್ರೆಡ್ ತೂತು, ಮೇಲೆ ಓರೆ. ಅಷ್ಟೇ. ಉಳಿದ ಐದರಲ್ಲಿ ಒಂದನ್ನು ಮಾದರಿಗೆ ತಂದರೆ ಯಾವ ಲೇತಿನವರೂ ಮಾಡಿಕೊಡುತ್ತಾರೆ.

ಅಕ್ಕ ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಇದರಲ್ಲಿ ಸ್ಕ್ರೂ ಚೌಕಟ್ಟಿಗೆ ಥ್ರೆಡ್ ಆಗಿಲ್ಲ. ಮುಂದಿನ ಗೋಡೆಯ ಸೀಳಿನಲ್ಲಿ ತಲೆಯ ಹತ್ತಿರದ ಕಚ್ಚು ಕೂತಿದೆ, ತುದಿ ಹಿಂದಿನ ಗೋಡೆಯ ತೂತಿನಲ್ಲಿ ಸುಮ್ನೆ ನಿಂತಿದೆ. ಥ್ರೆಡ್ ಇರುವುದು ಸ್ಯಾಡಲ್ ಒಳಗೆ ಮಾತ್ರ. ಅಂದರೆ ಕಳೆದುಹೋದ ಸ್ಕ್ರೂವಿನ ಥ್ರೆಡ್ ಯಾವುದೆಂದು ತಲೆ ಕೆಡಿಸಿಕೊಳ್ಳುವುದೇ ಬೇಡ. ಸ್ಕ್ರೂ, ಸ್ಯಾಡಲ್ ಎರಡನ್ನೂ ಜೊತೆಯಾಗಿ ಹೊಸದಾಗಿ ಮಾಡಿದರೆ ಅವೆರಡಕ್ಕೆ ಹೊಂದಿದರೆ ಸಾಕು. ಸ್ಕ್ರೂವಿನ ದಪ್ಪ ಆ ಸೀಳಿಗೂ ತೂತಿಗೂ ಸರಿಯಿರಬೇಕು, ಅಷ್ಟು ನೋಡಿಕೊಂಡರಾಯಿತು.

ಹಿತ್ತಾಳೆಯ ಚೌಕ ಸರಳು ಮೈಸೂರಿನಲ್ಲಿ ಸಿಗುತ್ತದೆ. ಗೇಟಿನ ಹಳೇ ಚಿಲಕದ ಹಿತ್ತಾಳೆಯಾದರೂ ನಡೆಯುತ್ತದೆ. ನಿಕ್ಕಲ್ ಲೇಪ ಇರುವುದಿಲ್ಲ, ಒಂದು ಸ್ಯಾಡಲ್ ಹಳದಿ ಕಾಣುತ್ತದೆ. ಅದು ಪರವಾಗಿಲ್ಲ ಎಂದರೆ ತನ್ನಿ.

ತಂತಿಪೆಟ್ಟಿಗೆ

@ಕೂಡ್ಲೂರು_ಲೇತ್ ಸ್ಕ್ರೂ-ಸ್ಯಾಡಲ್ ಜೋಡಿ ಮಾಡುವ ವಿಚಾರ ನನಗೆ ಹೊಳೆದಿರಲಿಲ್ಲ. ಆದರೂ ಚೌಕಟ್ಟೇ ಕುಸಿದಿದ್ದರೆ ಸ್ಯಾಡಲ್ ಮಾಡಿ ಏನು ಪ್ರಯೋಜನ? ಮಧ್ಯದ ಎರಡು ತಂತಿ ಕೆಳಗಿಳಿದು ಫ್ರೆಟ್ಟಿಗೆ (ನೆಕ್ ಮೇಲಿನ ಲೋಹದ ಪಟ್ಟಿ) ತಾಗಿ ಗುರ್ ಅನ್ನುತ್ತವೆ. ಬ್ರಿಡ್ಜ್ ಎತ್ತಿದರೆ ಹೊರಗಿನ ಎರಡು ತಂತಿ ಬೇಡವಾದಷ್ಟು ಎತ್ತರ.

ಕೂಡ್ಲೂರು_ಲೇತ್

ಕುಸಿದದ್ದು ಎಷ್ಟು ಎಂದು ನೋಡಬೇಕು. ಚೌಕಟ್ಟನ್ನು ಬಿಚ್ಚಿ ಕನ್ನಡಿಯ ಮೇಲೆ ಇಡಿ. ಅರ್ಧ ಮಿ.ಮೀ. ಒಳಗಿದ್ದರೆ ಹೊಸ ಜಿ ಸ್ಯಾಡಲನ್ನೇ ಅಷ್ಟು ಎತ್ತರ ಮಾಡಿಕೊಡಬಹುದು. ಹೊರಗಿನ ಸ್ಯಾಡಲುಗಳ ಕಚ್ಚನ್ನು ಒಂಚೂರು ಆಳ ಮಾಡಬಹುದು.

ವೈಸಿಗೆ ಹಾಕಿ ಬಗ್ಗಿಸಿ ನೆಟ್ಟಗೆ ಮಾಡುತ್ತೇನೆ ಎಂದು ಮಾತ್ರ ಹೊರಡಬೇಡಿ. ಇದು ಸತುವಿನ ಎರಕ, ಝಮಾಕ್ ಅನ್ನುತ್ತಾರೆ. ಹಳೆಯದಾದರೆ ಬಾಗುವುದಕ್ಕಿಂತ ಮೊದಲು ಮುರಿಯುತ್ತದೆ. ವೆಲ್ಡಿಂಗ್ ಶಾಪಿಗೂ ಕೊಡಬೇಡಿ. 400 ಡಿಗ್ರಿ ಮುಟ್ಟುವ ಮೊದಲೇ ಕರಗುತ್ತದೆ. ಜ್ವಾಲೆ ಹಿಡಿದರೆ ನಿಮ್ಮ ಬ್ರಿಡ್ಜ್ ನೆಲದ ಮೇಲೆ ಹನಿಯಾಗಿ ಬಿದ್ದಿರುತ್ತದೆ.

ಕರಿಮೆಣಸು

ಕನ್ನಡಿಯ ಮೇಲಿಟ್ಟು ನಡುವೆ ಬ್ಲೇಡ್ ತೂರಿಸಿ ನೋಡಿದೆವು. ಹೆಚ್ಚೇನಿಲ್ಲ, ಎರಡು ಬ್ಲೇಡ್ ದಪ್ಪ. ಹಾಗಾದರೆ ಸ್ಯಾಡಲ್ ಮಾಡಿಸುವುದೇ ಸರಿ ಅನ್ನಿಸುತ್ತಿದೆ.

ಈಗ ಆ ತುಕ್ಕು ಹಿಡಿದ ಡಿ ಸ್ಕ್ರೂ ಮತ್ತು ತಿರುಗದ ಚಕ್ರ. ಮಾವ ಕೋವಿಗೆ ಹಾಕುವ ಎಣ್ಣೆ ಹಾಕೋಣ ಅನ್ನುತ್ತಿದ್ದಾರೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಒರೆಸುವಾಗ ಉಳಿದದ್ದು ಇದೆಯಂತೆ. ಹಾಕಬಹುದಾ?

ಕೋವಿಎಣ್ಣೆ_ಅಭಿಮಾನಿ (ಪೊನ್ನಂಪೇಟೆ)

ಈ ಪ್ರಶ್ನೆಗಾಗಿಯೇ ನನ್ನ ಹೆಸರು ಹೀಗಿಟ್ಟುಕೊಂಡಿದ್ದೇನೆ ಅನ್ನಿಸುತ್ತಿದೆ! ಹಾಕಬಹುದು. ತೆಳ್ಳಗಿನ ಎಣ್ಣೆ, ಸಂದಿಗೆ ಇಳಿಯುತ್ತದೆ, ಅಂಟಾಗುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಕಬ್ಬಿಣ ಉಳಿಸುವ ವಿದ್ಯೆ ಕೋವಿ ಇರುವ ಮನೆಯವರಿಗೆ ಹೇಳಿಕೊಡಬೇಕಾ? ಜೂನಿನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಬರುವ ಊರು ಇದು.

ಒಂದೇ ಷರತ್ತು. ಬ್ರಿಡ್ಜನ್ನು ಗಿಟಾರಿನಿಂದ ತೆಗೆದು ಮೇಜಿನ ಮೇಲಿಟ್ಟು ಹಾಕಿ. ಎಣ್ಣೆ ಮರಕ್ಕೆ ಇಳಿದರೆ ಪೋಸ್ಟ್ ಹಿಡಿದಿರುವ ಮರದ ಹಿಡಿತ ಸಡಿಲವಾಗುತ್ತದೆ, ಆಮೇಲೆ ಅಂಟೂ ಹಿಡಿಯುವುದಿಲ್ಲ. ಒಂದು ರಾತ್ರಿ ನೆನೆಯಲು ಬಿಡಿ. ಬೆಳಿಗ್ಗೆ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಹಿಡಿಯಿರಿ. ಬಿಸಿಗೆ ಹಿಗ್ಗಿ ತಣ್ಣಗಾಗುವಾಗ ತುಕ್ಕಿನ ಹಿಡಿತ ಬಿಡುತ್ತದೆ. ಸೀಳಿಗೆ ತುಂಬಾ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಬೇಕು. ಮೊದಲು ಬಿಗಿ ಮಾಡುವ ಕಡೆಗೆ ಒಂದಿಷ್ಟು, ಆಮೇಲೆ ಬಿಚ್ಚುವ ಕಡೆಗೆ. ಅವಸರ ಬೇಡ.

ಕೂಡ್ಲೂರು_ಲೇತ್

ಚಕ್ರ ತಿರುಗದಿದ್ದರೆ ಪೋಸ್ಟನ್ನೇ ಮರದಿಂದ ಬಿಚ್ಚಿ. ಎರಡು ಎಂ4 ನಟ್ಟುಗಳನ್ನು ಪೋಸ್ಟಿನ ಮೇಲ್ತುದಿಗೆ ಹಾಕಿ, ಒಂದಕ್ಕೊಂದು ಎದುರುಬದುರು ಬಿಗಿಯಿರಿ. ಎರಡೂ ಲಾಕ್ ಆಗುತ್ತವೆ. ಈಗ ಕೆಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಚ್ಚುವ ಕಡೆ ತಿರುಗಿಸಿದರೆ ಪೋಸ್ಟ್ ಚಕ್ರದ ಸಮೇತ ಮೇಲೆ ಬರುತ್ತದೆ. ಇಕ್ಕಳ ಹಿಡಿಯಬೇಡಿ, ಥ್ರೆಡ್ ಜಜ್ಜಿ ಹೋಗುತ್ತದೆ.

ಹಳೇಬ್ಯಾಂಡ್

ಪೋಸ್ಟ್ ಹೊರಗೆ ಬಂದಾಗ ಮರದ ತೂತನ್ನು ನೋಡಿ. ಸವೆದು ಸಡಿಲವಾಗಿದ್ದರೆ ಟೂತ್‌ಪಿಕ್ ತುರುಕಿ ಮುಗಿಸುವವರಿದ್ದಾರೆ. ಸ್ಕ್ರೂ ಹಾಕಿದ ತಗಡಿಗೆ ಅದು ಸರಿ, ಬ್ರಿಡ್ಜ್ ಪೋಸ್ಟಿಗೆ ಅಲ್ಲ. ಗಟ್ಟಿ ಮರದ ಗೂಟವನ್ನು ಅಂಟು ಹಾಕಿ ಕೂರಿಸಿ, ಒಣಗಿದ ಮೇಲೆ ಅದೇ ಕೇಂದ್ರಕ್ಕೆ ಸಣ್ಣದಾಗಿ ಕೊರೆಯಬೇಕು. ಬೀಟೆಯ ಚೂರು ಕೊಡಗಿನ ಯಾವ ಬಡಗಿಯ ಮೂಲೆಯಲ್ಲೂ ಸಿಗುತ್ತದೆ. ಬೀಟೆಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಮೊದಲು ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ.

ಹೊಳಪು_ಬೇಕು

ಎಲ್ಲ ಬಿಚ್ಚಿದ ಮೇಲೆ ಒಂದು ಸಲ ಬಫಿಂಗ್ ಮಾಡಿಸಿ ಕ್ರೋಮ್ ಹಾಕಿಸಿಬಿಡಿ. ಫಳಫಳ ಹೊಳೆಯುತ್ತದೆ. ಬುಲೆಟ್ ಬೈಕಿನ ಭಾಗಕ್ಕೆ ಮಾಡುವವರೇ ಮಾಡುತ್ತಾರೆ.

ಹಳೇಬ್ಯಾಂಡ್

ಬೇಡ ಬೇಡ ಬೇಡ. ಬಫಿಂಗ್ ಚಕ್ರಕ್ಕೆ ಹಿಡಿದರೆ ಮೇಲಿನ ನಿಕ್ಕಲ್ ಪದರ ಹೋಗಿ ಸತು ಹೊರಗೆ ಬರುತ್ತದೆ. ಸ್ಯಾಡಲ್ ಕೂರುವ ಸೀಳಿನ ಅಂಚುಗಳು ದುಂಡಗಾಗಿ ಸ್ಯಾಡಲ್ ಅಲ್ಲಾಡತೊಡಗುತ್ತದೆ. ಬುಲೆಟ್ಟೇ ಬೇರೆ, ಇದೇ ಬೇರೆ. ಮೆತ್ತಗಿನ ಬ್ರಶ್ಶು, ಒಣ ಬಟ್ಟೆ, ಸಾಕು.

ಮಂಜುಬೆಟ್ಟ

ಹೊಳಪು ಬೇಕು ಅಂದವರಿಗೆ ಇಷ್ಟು ಬೈಯಬೇಡಿ ಸರ್ 😀

ಕರಿಮೆಣಸು

ಸುದ್ದಿ ಕೊಡುತ್ತಿದ್ದೇನೆ. ಕೋವಿ ಎಣ್ಣೆ ಮತ್ತು ಸೋಲ್ಡರಿಂಗ್ ಐರನ್ನಿಗೆ ಡಿ ಸ್ಕ್ರೂ ಬಿಚ್ಚಿಕೊಂಡಿತು. ಎರಡು ನಟ್ಟಿನ ಉಪಾಯಕ್ಕೆ ಪೋಸ್ಟೂ ಬಂತು, ಮರದ ತೂತು ಗಟ್ಟಿಯಾಗಿಯೇ ಇದೆ. ಲೇತ್ ಅಣ್ಣ ಜಿ ಸ್ಯಾಡಲ್ ಮತ್ತು ಸ್ಕ್ರೂ ಮಾಡಿಕೊಟ್ಟರು. ಮಾಡುವುದನ್ನು ಮಾವ ಪಕ್ಕದಲ್ಲೇ ನಿಂತು ನೋಡಿದರು, ದುಡ್ಡು ತೆಗೆದುಕೊಳ್ಳಿ ಎಂದು ಇಬ್ಬರಿಗೂ ಜಗಳವೇ ಆಯಿತು. ಕೊನೆಗೆ ಒಂದು ಚೀಲ ಕಿತ್ತಳೆ ಕೊಟ್ಟು ಬಂದೆವು.

ಈಗ ತಂತಿ ಹಾಕಿದ್ದೇವೆ. ತೆರೆದ ತಂತಿ ಶ್ರುತಿಯಲ್ಲಿದೆ. ಆದರೆ ಜಿ ತಂತಿಯನ್ನು 12ನೇ ಫ್ರೆಟ್ಟಿನಲ್ಲಿ ಒತ್ತಿದರೆ ಟ್ಯೂನರಿನಲ್ಲಿ ಸೂಜಿ ಮೇಲಕ್ಕೆ ಹೋಗುತ್ತದೆ. ಸ್ಯಾಡಲನ್ನು ಹಿಂದಕ್ಕೆ ಪೂರ್ತಿ ತಂದರೂ ಇನ್ನೂ ಒಂಚೂರು ಬಾಕಿ.

ತಂತಿಪೆಟ್ಟಿಗೆ

12ನೇ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಬರುವ ಹಾರ್ಮೋನಿಕ್ಕಿಗಿಂತ ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ತಂತಿಯ ತುದಿ ಸಿಕ್ಕಿಸುವ ಟೇಲ್‌ಪೀಸ್ ಕಡೆಗೆ ಹೋಗಬೇಕು. ಇಳಿದಿದ್ದರೆ ಮುಂದಕ್ಕೆ. ನೀವು ಮಾಡುತ್ತಿರುವುದು ಸರಿಯಾಗಿಯೇ ಇದೆ.

ಸ್ಯಾಡಲನ್ನು ಬಿಚ್ಚಿ ತಿರುಗಿಸಿ ಹಾಕಿ. ಅದರ ಒಂದು ಮುಖ ನೆಟ್ಟಗೆ, ಇನ್ನೊಂದು ಓರೆ. ತಂತಿ ಕೂರುವ ಏಣು ಈಗ ಪಿಕಪ್ ಕಡೆ ಇದ್ದರೆ, ತಿರುಗಿಸಿದಾಗ ಟೇಲ್‌ಪೀಸ್ ಕಡೆ ಬರುತ್ತದೆ. ಆ ಒಂದೆರಡು ಮಿ.ಮೀ. ಸಾಕಾಗಬಹುದು.

ಇನ್ನೊಂದು ಪ್ರಶ್ನೆ. ಜಿ ತಂತಿ ಸುತ್ತಿನದೋ (ಮೇಲೆ ಸಣ್ಣ ತಂತಿ ಸುತ್ತಿದ್ದು), ಬರೀ ತಂತಿಯೋ? ಹಿಂದಿನ ಕಾಲದ ಸೆಟ್ಟುಗಳಲ್ಲಿ ಮೂರನೇ ತಂತಿಯೂ ಸುತ್ತಿನದಾಗಿರುವುದು ಸಾಮಾನ್ಯವಾಗಿತ್ತು. ಈಗಿನ 10ರ ಸೆಟ್ಟಿನಲ್ಲಿ ಬರೀ ತಂತಿ, ಅದಕ್ಕೆ ಸ್ಯಾಡಲ್ ಹೆಚ್ಚು ಹಿಂದಕ್ಕೆ ಬೇಕು. ಕಚ್ಚು ಕೂಡ ತಂತಿಯ ದಪ್ಪಕ್ಕೆ ತಕ್ಕ ಹಾಗಿರಬೇಕು. ಅಗಲ ಜಾಸ್ತಿಯಾದರೆ ತಂತಿ ಒಳಗೆ ಅಲ್ಲಾಡಿ ಸಿತಾರಿನ ಹಾಗೆ ಝೇಂಕರಿಸುತ್ತದೆ.

ಕರಿಮೆಣಸು

ಬರೀ ತಂತಿ. ತಿರುಗಿಸಿ ಹಾಕಿದೆ, ಸೂಜಿ ನಡುವೆ ನಿಂತಿತು! ಮಾವ ಈಗ ವರಾಂಡದಲ್ಲಿ ಕೂತಿದ್ದಾರೆ, ಊಟಕ್ಕೆ ಕರೆದರೂ ಬರುತ್ತಿಲ್ಲ.

ಮಂಜುಬೆಟ್ಟ

ಇದೇ ಜಾಗದಲ್ಲಿ ನನ್ನದೂ ಕೇಳಿಬಿಡುತ್ತೇನೆ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಆಕಾರದ್ದು ಒಂದಿದೆ, 80ರ ದಶಕದ ಶುರುವಿನ ಜಪಾನಿ. ಬ್ರಿಡ್ಜನ್ನು ಅಲುಗಿಸಿ ಸ್ವರ ಏರಿಳಿಸುವ ಟ್ರೆಮೊಲೊ ಹಿಡಿ ಕಳೆದಿದೆ. ಸ್ಯಾಡಲುಗಳೂ ಬದಲಾಗಬೇಕು. ಫೆಂಡರ್‌ದು ತಂದರೆ ಆಗುತ್ತದಾ? ಈ ಸಲ ಕೇಳಿಯೇ ಕೊಳ್ಳುತ್ತೇನೆ.

ಹಳೇಬ್ಯಾಂಡ್

ಬುದ್ಧಿ ಬಂತು ನೋಡಿ. ಮೊದಲು ಇ-ಯಿಂದ ಇ-ಗೆ ಅಂತರ ಅಳೆಯಿರಿ. ಫೆಂಡರ್ 1954ರಿಂದ ಮಾಡಿದ ಆರು ಸ್ಕ್ರೂವಿನ ಹಳೇ ಬ್ರಿಡ್ಜಿನಲ್ಲಿ ಅದು 56.4 ಮಿ.ಮೀ. 80ರ ದಶಕದ ಕೊನೆಗೆ ಬಂದ ಎರಡು ಪೋಸ್ಟಿನ ಅಮೆರಿಕನ್ ಸ್ಟ್ಯಾಂಡರ್ಡಿನಲ್ಲಿ 52.4. ನಾಲ್ಕು ಮಿ.ಮೀ. ವ್ಯತ್ಯಾಸ ಅಂದರೆ ಸ್ಯಾಡಲಿನ ಅಗಲವೇ ಬೇರೆ. ಅಗಲದ ಸ್ಯಾಡಲ್ ಆರು ಇಟ್ಟರೆ ಕಿರಿದಾದ ತಟ್ಟೆಯಲ್ಲಿ ಹಿಡಿಸುವುದೇ ಇಲ್ಲ. 1971ರ ಕೊನೆಯ ತನಕ ಫೆಂಡರ್ ಬ್ರಿಡ್ಜಿನ ಕೆಳಗಿನ ಬ್ಲಾಕನ್ನು ಉಕ್ಕಿನಲ್ಲಿ ಮಾಡುತ್ತಿತ್ತು, ಸ್ಯಾಡಲ್ ಬಗ್ಗಿಸಿದ ಉಕ್ಕಿನ ತಗಡು. ಆಮೇಲೆ ಎರಡೂ ಎರಕದವು. ನಿಮ್ಮದು ಯಾವುದರ ನಕಲು ಎಂದು ಸ್ಯಾಡಲ್ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಆಯಸ್ಕಾಂತ ಹಿಡಿದರೆ ಇನ್ನೂ ಬೇಗ.

ಕೂಡ್ಲೂರು_ಲೇತ್

ಹಿಡಿಯ ಥ್ರೆಡ್ ಬಗ್ಗೆ ಹುಷಾರು. ಅಮೆರಿಕದ ಹಳೇದು 10-32. ದಪ್ಪ 4.83 ಮಿ.ಮೀ., ಸುತ್ತಿಗೆ 0.79. ಜಪಾನಿನದು ಎಂ5 ಇದ್ದರೆ ದಪ್ಪ 5, ಸುತ್ತಿಗೆ 0.8. ಇಷ್ಟು ಹತ್ತಿರ ಇರುವುದೇ ತೊಂದರೆ. 10-32ರ ಹಿಡಿ ಎಂ5 ತೂತಿಗೆ ಹೋಗುತ್ತದೆ, ಒಳಗೆ ಲಡಲಡ ಅಲ್ಲಾಡಿ ಥ್ರೆಡ್ ಸವೆಸುತ್ತದೆ. ಎಂ5ರ ಹಿಡಿಯನ್ನು 10-32 ತೂತಿಗೆ ಬಲವಾಗಿ ತಿರುಗಿಸಿದರೆ ಅರ್ಧಕ್ಕೆ ಸಿಕ್ಕಿಕೊಂಡು ಮುರಿಯುತ್ತದೆ. ಒಳಗೆ ಮುರಿದ ತುಂಡು ತೆಗೆಯುವುದು ನನ್ನಂಥವರಿಗೂ ಬೇಸರದ ಕೆಲಸ. ಕೆಲವು ಜಪಾನಿಗಳಲ್ಲಿ ಎಂ6 ಕೂಡ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ಎಂ5, ಎಂ6 ಬೋಲ್ಟ್ ಒಂದೊಂದು ತಂದು ಬೆರಳಲ್ಲೇ ಹಾಕಿ ನೋಡಿ, ಆಮೇಲೆ ಆರ್ಡರ್ ಮಾಡಿ.

ಮಂಜುಬೆಟ್ಟ

ಎಂ5 ಸರಿಯಾಗಿ ಹೋಯಿತು, ಅಲ್ಲಾಡಲಿಲ್ಲ. ಅಂತರ ನಾಳೆ ಹಗಲು ಬೆಳಕಲ್ಲಿ ಅಳೆದು ಹಾಕುತ್ತೇನೆ, ಈಗ ಕರೆಂಟಿಲ್ಲ.

ಕರಿಮೆಣಸು

@ಕೂಡ್ಲೂರು_ಲೇತ್ ಅಣ್ಣ, ಮಾವ ಇನ್ನೊಂದು ಕೇಳಿದರು. ಸ್ಯಾಡಲ್ ಮತ್ತೆ ಹಾರದ ಹಾಗೆ ಆ ಹಿಡಿಯುವ ತಂತಿಯನ್ನು ನಮ್ಮದಕ್ಕೂ ಹಾಕಲು ಬರುತ್ತದಾ? ಹಳೇ ಬಿ ಸ್ಟ್ರಿಂಗ್ ಕತ್ತರಿಸಿದ್ದು ಇದೆ.

ಕೂಡ್ಲೂರು_ಲೇತ್

ಬರುತ್ತದೆ. ಚೌಕಟ್ಟಿಗೆ ತೂತು ಮಾಡುವುದು ಬೇಡ, ಎರಕ ಸೀಳುತ್ತದೆ. ಸ್ಟ್ರಿಂಗನ್ನು ಆರೂ ಸ್ಕ್ರೂ ತಲೆಗಳ ಕೆಳಗಿನ ಕಚ್ಚಿನ ಮೇಲೆ ಅಡ್ಡ ಹಾಯಿಸಿ, ಎರಡು ತುದಿಯನ್ನೂ ಪೋಸ್ಟಿನ ಬುಡಕ್ಕೆ, ಚಕ್ರದ ಕೆಳಗೆ ಒಂದು ಸುತ್ತು ಹಾಕಿ ಬಗ್ಗಿಸಿ. ಪಿಕಪ್ಪಿಗೆ ತಾಗಬಾರದು. ಬಿ ಸ್ಟ್ರಿಂಗ್ ಸ್ವಲ್ಪ ಪುಟಿಯುತ್ತದೆ, ಇಕ್ಕಳದ ತುದಿಯಲ್ಲಿ ಚೂಪಾಗಿ ಬಗ್ಗಿಸಿ. ಬರುವ ವಾರ ಆ ಕಡೆ ಪಲ್ಪರ್ ಕೆಲಸಕ್ಕೆ ಬರುತ್ತೇನೆ, ಅಷ್ಟರಲ್ಲಿ ಆಗದಿದ್ದರೆ ನಾನೇ ಹಾಕಿಕೊಡುತ್ತೇನೆ.